ಕುಂದುಳ್ಳವರಿಗೂ ಪಾವಿತ್ರ್ಯದ ಕರೆ



“ಸ್ವಾಮಿ, ಪ್ರತಿ ಸಲವೂ ಅದೇ ಪಾಪಗಳನ್ನೇ ಹೇಳುತ್ತೇನೆ. ಮತ್ತೇಕೆ ಪಾಪನಿವೇದನೆಗೆ ಬರಬೇಕು?” ನಮ್ಮ ಗುರುಗಳು ಆಗಾಗ ಕೇಳುವ ಮಾತು ಇದು. “ನಾವು ಸಂಸಾರಸ್ಥರು, ಸಂತರಾಗುವುದು ನಮ್ಮಿಂದಾದೀತೇ?” ಎಂಬುದು ಇನ್ನೊಂದು ಮಾತು. ಮೊದಲನೆಯದರಲ್ಲಿ ನಿರಾಶೆಯಿದೆ, ಎರಡನೆಯದರಲ್ಲಿ ಉದಾಸೀನವಿದೆ. ಆದರೆ ಎರಡರ ಫಲವೂ ಒಂದೇ. ಭಾನುವಾರದ ಬಲಿಪೂಜೆಗೆ ಬಂದರೂ ಪರಮಪ್ರಸಾದ ಸ್ವೀಕರಿಸದೆ ಹಿಂದಿನ ಸಾಲಿನಿಂದಲೇ ಮನೆಗೆ ಹೋಗುತ್ತೇವೆ. ವರ್ಷಗಟ್ಟಲೆ ಹಾಗೆಯೇ ಕಳೆಯುತ್ತೇವೆ. ಆದ್ದರಿಂದ ಈ ವಿಷಯದಲ್ಲಿ ಧರ್ಮಸಭೆ ಏನು ಬೋಧಿಸುತ್ತದೆಂದು ಕುಟುಂಬದವರೆಲ್ಲ ಕೂಡಿ ಅರಿಯುವುದು ಒಳ್ಳೆಯದು.

ಕರೆ ಯಾರಿಗೆ?

ಪಾವಿತ್ರ್ಯವು ಗುರುಗಳಿಗೆ ಮತ್ತು ಕನ್ಯಾಸ್ತ್ರೀಯರಿಗೆ ಮಾತ್ರ ಮೀಸಲಲ್ಲ. 1964ರ ನವೆಂಬರ್ 21ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪ್ರಕಟಿಸಿದ ಧರ್ಮಸಭೆಯ ಕುರಿತಾದ ಸಂವಿಧಾನದಲ್ಲಿ ಐದನೆಯ ಅಧ್ಯಾಯವೆಲ್ಲ ಇದನ್ನೇ ಹೇಳುತ್ತದೆ. ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರೂ ತಮ್ಮ ತಮ್ಮ ಜೀವನಸ್ಥಿತಿಯಲ್ಲಿ ಪವಿತ್ರರಾಗಲು ಕರೆಯಲ್ಪಟ್ಟವರು. ಪೋಪ್ ಫ್ರಾನ್ಸಿಸ್ ಅವರು 2018ರ ಮಾರ್ಚ್ 19ರಂದು ಇದೇ ವಿಷಯವಾಗಿ ಬರೆದ ಪತ್ರದಲ್ಲಿ ಸಂತೆಗೆ ಹೋದ ಗೃಹಿಣಿಯ ಉದಾಹರಣೆ ಕೊಡುತ್ತಾರೆ. ನೆರೆಯವಳು ಇನ್ನೊಬ್ಬರ ಚಾಡಿ ಹೇಳತೊಡಗಿದಾಗ ಆಕೆ ಅದಕ್ಕೆ ದನಿಗೂಡಿಸುವುದಿಲ್ಲ. ಮನೆಗೆ ಬಂದಾಗ ದಣಿದಿದ್ದರೂ ಮಗುವಿನ ಮಾತನ್ನು ಪ್ರೀತಿಯಿಂದ ಕೇಳುತ್ತಾಳೆ. ಇವೂ ಪಾವಿತ್ರ್ಯದ ಹೆಜ್ಜೆಗಳೇ. ಹುಬ್ಬಳ್ಳಿಯ ಪೇಟೆಯಲ್ಲಿ ಕಾಯಿಪಲ್ಲೆ ಕೊಳ್ಳುವವರಿಗೂ, ಹುಬ್ಬಳ್ಳಿ-ಧಾರವಾಡದ ನಡುವೆ ನಿತ್ಯವೂ ಬಸ್ಸಿನಲ್ಲಿ ಓಡಾಡುವ ನೌಕರರಿಗೂ ಈ ಹೆಜ್ಜೆಗಳು ದೂರವಲ್ಲ.

ಪರಿಪೂರ್ಣರಾಗುವುದೆಂದರೇನು?

ಪರಲೋಕದ ಪಿತನಂತೆ ಪರಿಪೂರ್ಣರಾಗಿರಿ ಎಂದು ಯೇಸುಸ್ವಾಮಿ ಆಜ್ಞಾಪಿಸಿದ್ದು ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿದೆ. ಇದನ್ನು ಕೇಳಿದೊಡನೆ ಹಲವರು ಅಂಜುತ್ತಾರೆ. ಆದರೆ ಅದರ ಹಿಂದಿನ ವಾಕ್ಯಗಳನ್ನು ಗಮನಿಸಬೇಕು. ಪ್ರಭು ಅಲ್ಲಿ ಮಾತನಾಡುತ್ತಿರುವುದು ಶತ್ರುಗಳನ್ನು ಪ್ರೀತಿಸುವ ಕುರಿತು, ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಸೂರ್ಯನನ್ನು ಉದಯಿಸುವ ಪಿತನ ಕುರಿತು. ಇದೇ ಬೋಧನೆಯನ್ನು ಲೂಕನು ಬರೆಯುವಾಗ ಪರಿಪೂರ್ಣತೆಯ ಬದಲು ಕರುಣೆ ಎಂಬ ಮಾತನ್ನು ಬಳಸಿದ್ದಾನೆ. ಅಂದರೆ ಪ್ರಭು ನಮ್ಮಿಂದ ಬಯಸುವುದು ಒಂದು ಕಲೆಯೂ ಇಲ್ಲದ ಬಿಳಿ ಬಟ್ಟೆಯನ್ನಲ್ಲ, ಯಾರನ್ನೂ ಹೊರಗಿಡದ ತುಂಬು ಪ್ರೀತಿಯನ್ನು.

1547ರಲ್ಲಿ ಟ್ರೆಂಟ್ ಮಹಾಸಭೆಯು ಎರಡು ಸತ್ಯಗಳನ್ನು ಜೊತೆಯಾಗಿ ಬೋಧಿಸಿತು. ಕನ್ಯಾಮರಿಯಮ್ಮನವರಿಗೆ ದೊರೆತಂಥ ವಿಶೇಷ ವರವಿಲ್ಲದೆ ಯಾರೂ ಜೀವಮಾನವಿಡೀ ಎಲ್ಲ ಅಲ್ಪ ಪಾಪಗಳಿಂದಲೂ ದೂರವಿರಲಾರರು, ಇದು ಮೊದಲನೆಯದು. ದೇವರು ಅಸಾಧ್ಯವಾದುದನ್ನು ಆಜ್ಞಾಪಿಸುವುದಿಲ್ಲ, ಕೇಳಿದವರಿಗೆ ಬಲವನ್ನೂ ಕೊಡುತ್ತಾರೆ, ಇದು ಎರಡನೆಯದು. ಮೊದಲನೆಯದನ್ನು ಮರೆತರೆ ನಿರಾಶೆ, ಎರಡನೆಯದನ್ನು ಮರೆತರೆ ಸೋಮಾರಿತನ.

ಸಂತರೂ ಕುಂದುಳ್ಳವರೇ

ಪೇತ್ರನು ಮೂರು ಸಲ ಪ್ರಭುವನ್ನು ಅರಿಯೆನೆಂದದ್ದು ಎಲ್ಲರಿಗೂ ಗೊತ್ತು. ಪವಿತ್ರಾತ್ಮರನ್ನು ಪಡೆದ ಮೇಲೂ ಆತ ಅಂತಿಯೋಕ್ಯದಲ್ಲಿ ಜನರಿಗೆ ಅಂಜಿ, ಯೆಹೂದ್ಯರಲ್ಲದ ಸಹೋದರರೊಡನೆ ಊಟಕ್ಕೆ ಕೂಡುವುದನ್ನು ಬಿಟ್ಟನೆಂದು ಗಲಾತ್ಯರಿಗೆ ಬರೆದ ಪತ್ರದಲ್ಲಿ ಓದುತ್ತೇವೆ. ಪೌಲನು ಅವನನ್ನು ಎಲ್ಲರೆದುರೇ ಖಂಡಿಸಿದನು.

ಸಂತ ಅಗಸ್ಟೀನರು 387ರಲ್ಲಿ ಜ್ಞಾನಸ್ನಾನ ಪಡೆದರು. ಮುಂದೆ ಧರ್ಮಾಧ್ಯಕ್ಷರಾಗಿ ತಮ್ಮ ‘ನಿವೇದನೆಗಳು’ ಗ್ರಂಥ ಬರೆದಾಗ ಹಳೆಯ ಪಾಪಗಳನ್ನು ಹೇಳಿ ಸುಮ್ಮನಾಗಲಿಲ್ಲ. ಊಟದ ಆಸೆ, ಹೊಗಳಿಕೆಯ ಆಸೆ ಇನ್ನೂ ಕಾಡುತ್ತಿವೆ ಎಂದು ತೋಡಿಕೊಂಡರು. ಮೊಲ ಬೆನ್ನಟ್ಟುವ ನಾಯಿಯನ್ನು, ನೊಣ ಹಿಡಿಯುವ ಹಲ್ಲಿಯನ್ನು ಕಂಡರೂ ತಮ್ಮ ಧ್ಯಾನ ಚದುರುತ್ತದೆ ಎಂದರು. 1997ರಲ್ಲಿ ಧರ್ಮಸಭೆಯ ಪಂಡಿತೆಯೆಂದು ಘೋಷಿತಳಾದ ಲಿಸ್ಯುವಿನ ಸಂತ ತೆರೇಸಳು ಪ್ರಾರ್ಥನೆಯ ವೇಳೆ ನಿದ್ದೆಗೆ ಜಾರುತ್ತಿದ್ದಳು. ಅದಕ್ಕಾಗಿ ಆಕೆ ಎದೆಗುಂದಲಿಲ್ಲ. ಇವರೆಲ್ಲ ಬೀಳದಿದ್ದುದರಿಂದ ಸಂತರಾಗಲಿಲ್ಲ. ಬಿದ್ದಾಗಲೆಲ್ಲ ಎದ್ದು ದೇವರ ಕಡೆಗೇ ನಡೆದದ್ದರಿಂದ ಸಂತರಾದರು.

ಕುಂದು ಬೇರೆ, ನೆಪ ಬೇರೆ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. “ನನ್ನ ಸ್ವಭಾವವೇ ಹೀಗೆ” ಎನ್ನುತ್ತಾ ಕುಡಿದು ಬಂದು ಹೆಂಡತಿಯ ಮೇಲೆ ಕೈಮಾಡುವವನು ಕುಂದಿನ ಮಾತನಾಡುತ್ತಿಲ್ಲ, ನೆಪ ಹೇಳುತ್ತಿದ್ದಾನೆ. ಅದು ಘೋರ ಅನ್ಯಾಯ. ಅದನ್ನು ಸಹಿಸುವುದೇ ಪಾವಿತ್ರ್ಯವೆಂದು ಆ ತಾಯಿಗೆ ಯಾರೂ ಬೋಧಿಸಬಾರದು. ಆಕೆಗೂ ಮಕ್ಕಳಿಗೂ ರಕ್ಷಣೆ ಬೇಕು, ಆತನಿಗೆ ಪಶ್ಚಾತ್ತಾಪದ ಜೊತೆಗೆ ಚಿಕಿತ್ಸೆಯೂ ಬೇಕಾದೀತು.

1992ರಲ್ಲಿ ಪ್ರಕಟವಾದ ಧರ್ಮೋಪದೇಶ ಗ್ರಂಥವು ಮಾರಕ ಪಾಪಕ್ಕೆ ಮೂರು ಲಕ್ಷಣಗಳನ್ನು ಹೇಳುತ್ತದೆ: ವಿಷಯ ಗಂಭೀರವಾಗಿರಬೇಕು, ಅದು ಪಾಪವೆಂಬ ಪೂರ್ಣ ಅರಿವಿರಬೇಕು, ಮನಸಾರೆ ಒಪ್ಪಿಗೆ ಇರಬೇಕು. ಅಂಥ ಪಾಪವಿದ್ದರೆ ಪರಮಪ್ರಸಾದಕ್ಕೆ ಮುನ್ನ ಪಾಪನಿವೇದನೆ ಮಾಡಬೇಕು. ಆದರೆ ಗಡಿಬಿಡಿಯಲ್ಲಿ ಆಡಿದ ಒರಟು ಮಾತು, ಪ್ರಾರ್ಥನೆಯಲ್ಲಿ ಚದುರಿದ ಮನಸ್ಸು ಮುಂತಾದ ಅಲ್ಪ ದೋಷಗಳು ನಮ್ಮನ್ನು ಪ್ರಭುವಿನ ಮೇಜಿನಿಂದ ದೂರವಿಡುವುದಿಲ್ಲ. ಪಶ್ಚಾತ್ತಾಪದಿಂದ ಸ್ವೀಕರಿಸಿದ ಪರಮಪ್ರಸಾದವೇ ಅವನ್ನು ತೊಳೆಯುತ್ತದೆ. ಇಂಥ ನಿತ್ಯದ ದೋಷಗಳನ್ನು ಪಾಪನಿವೇದನೆಯಲ್ಲಿ ಹೇಳುವುದು ಕಡ್ಡಾಯವಲ್ಲವಾದರೂ ಧರ್ಮಸಭೆ ಅದನ್ನು ಒತ್ತಿ ಶಿಫಾರಸು ಮಾಡುತ್ತದೆ.

ಏಕೆಂಬುದು ಹುಬ್ಬಳ್ಳಿಯವರಿಗೆ ಸುಲಭವಾಗಿ ತಿಳಿದೀತು. ನಮ್ಮ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟ ರೈಲ್ವೆ ವರ್ಕ್‌ಶಾಪಿಗೆ ಬೋಗಿಗಳು ಅವಧಿಗೆ ಸರಿಯಾಗಿ ಬರುತ್ತವೆ. ಓಡಿದ ಗಾಲಿ ಸವೆಯುವುದು ಸಹಜ. ಸವೆದಿದೆಯೆಂದು ಬೋಗಿಯನ್ನು ಎಸೆಯುವುದಿಲ್ಲ, ಸವೆದೇ ಇಲ್ಲವೆಂದು ಹಳಿಯ ಮೇಲೆ ಬಿಡುವುದೂ ಇಲ್ಲ. ಅಳತೆ ನೋಡಿ, ಸರಿಪಡಿಸಿ, ಮತ್ತೆ ಓಡಿಸುತ್ತಾರೆ. ಮುಂದಿನ ಅವಧಿಗೆ ಅದೇ ಬೋಗಿ ಅದೇ ಕೆಲಸಕ್ಕೆ ಬಂದರೆ ಯಾರೂ ನಗುವುದಿಲ್ಲ. ಅದೇ ಪಾಪಗಳನ್ನು ಹೊತ್ತು ಬರುವ ಭಕ್ತರನ್ನು ಕಂಡು ಪ್ರಭುವೂ ಬೇಸರಪಡುವುದಿಲ್ಲ.

ಮನೆಯಲ್ಲಿ ಮಾಡಬೇಕಾದುದು

1. ರಾತ್ರಿ ಜಪಸರದ ನಂತರ ಎರಡು ನಿಮಿಷ ಮೌನವಾಗಿ ಆತ್ಮಶೋಧನೆ ಮಾಡಿರಿ. ಮೊದಲು ದೇವರಿಗೆ ವಂದನೆ, ಆಮೇಲೆ ದಿನದ ತಪ್ಪುಗಳ ನೆನಪು.

2. ಎಲ್ಲ ಕುಂದುಗಳನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿರಿ. ಒಂದು ತಿಂಗಳಿಗೆ ಒಂದನ್ನು ಆರಿಸಿಕೊಳ್ಳಿರಿ.

3. ಮಕ್ಕಳ ಮೇಲೆ ಅನ್ಯಾಯವಾಗಿ ರೇಗಿದ್ದರೆ ತಂದೆತಾಯಿಗಳು ಮಕ್ಕಳ ಕ್ಷಮೆ ಕೇಳಲಿ. ಅದರಿಂದ ಹಿರಿತನ ಕುಗ್ಗುವುದಿಲ್ಲ. ಕ್ಷಮೆಯೆಂದರೇನೆಂದು ಮಕ್ಕಳು ಮೊದಲು ಕಲಿಯುವುದು ಅಲ್ಲಿಯೇ.

4. ಪಾಪನಿವೇದನೆಗೆ ಹೋಗುವ ದಿನವನ್ನು ಮೊದಲೇ ಗೊತ್ತುಮಾಡಿ, ಮನೆಮಂದಿಯೆಲ್ಲ ಕೂಡಿ ಹೋಗಿರಿ.

ಚಿಂತನೆಗೆ

ನಾನು ‘ಸ್ವಭಾವ’ವೆಂದು ಕರೆಯುತ್ತಿರುವ ಯಾವ ತಪ್ಪಿನಿಂದ ನನ್ನ ಮನೆಯವರು ನೋಯುತ್ತಿದ್ದಾರೆ? ಬೇರೆಯವರ ಯಾವ ಕುಂದನ್ನು ನಾನು ಇನ್ನೂ ಕ್ಷಮಿಸಿಲ್ಲ? ನಿರಾಶೆಯಿಂದ ಪಾಪನಿವೇದನೆಯನ್ನು ಬಿಟ್ಟವರು ನಮ್ಮ ನೆರೆಯಲ್ಲಿದ್ದರೆ, ಈ ವಾರ ಅವರನ್ನು ಪ್ರೀತಿಯಿಂದ ಜೊತೆಗೆ ಕರೆದುಕೊಂಡು ಹೋಗಬಲ್ಲೆನೇ?