ಶಸ್ತ್ರಕ್ರಿಯೆಯಾದ ಸುಂಡಿಲಿಯ ಆರೈಕೆ

ಪ್ರಯೋಗಶಾಲೆಯ ಬಿಳಿಯ ಸುಂಡಿಲಿಯ ತೂಕ ಸುಮಾರು 25 ಗ್ರಾಂ. ಇಷ್ಟು ಪುಟ್ಟ ಪ್ರಾಣಿಗೆ ಶಸ್ತ್ರಕ್ರಿಯೆ ಮಾಡಿದಾಗ ಒದಗುವ ಅಪಾಯ ಯಾವುದು? ರಕ್ತಸ್ರಾವವೆಂದು ನಾವು ಭಾವಿಸಬಹುದು. ದೇಹವು ತಣ್ಣಗಾಗುವುದೂ ಅದರಷ್ಟೇ ಅಪಾಯಕರವಾದುದು.

ಇದರ ಕಾರಣವನ್ನು ಸರಳವಾದ ಲೆಕ್ಕದಿಂದ ತಿಳಿಯೋಣ. 60 ಕಿಲೋಗ್ರಾಂ ತೂಗುವ ಮನುಷ್ಯನು ಸುಂಡಿಲಿಗಿಂತ 2,400 ಪಟ್ಟು ಭಾರ. ಈ ಸಂಖ್ಯೆಯ ಘನಮೂಲ ಸುಮಾರು 13. ಎರಡು ದೇಹಗಳ ಆಕಾರವೂ ಒಂದೇ ಎಂದೆಣಿಸಿದರೆ, ಪ್ರತಿ ಗ್ರಾಂ ತೂಕಕ್ಕೆ ಸುಂಡಿಲಿಯ ಮೇಲ್ಮೈ ವಿಸ್ತೀರ್ಣವು ನಮ್ಮದರ 13 ಪಟ್ಟಾಗುತ್ತದೆ. ಉಷ್ಣವು ಹೆಚ್ಚಾಗಿ ಹೊರಹೋಗುವುದು ಮೇಲ್ಮೈಯಿಂದಲೇ. ಎಚ್ಚರವಿರುವಾಗ ಸುಂಡಿಲಿಯು ಆಹಾರವನ್ನು ಬೇಗನೆ ವ್ಯಯಿಸಿ ಈ ನಷ್ಟವನ್ನು ತುಂಬಿಕೊಳ್ಳುತ್ತದೆ. ಅರಿವಳಿಕೆಯಲ್ಲಿ ಆ ಶಕ್ತಿಯು ಕುಂದುತ್ತದೆ. ಆದುದರಿಂದ ಅದನ್ನು ಬೆಚ್ಚನೆಯ ಹಾಸಿನ ಮೇಲಿರಿಸಿ, ಎಚ್ಚರಗೊಳ್ಳುವವರೆಗೂ ಉಷ್ಣತೆಯನ್ನು ಅಳೆಯುತ್ತಿರಬೇಕು.

ಮುಂದಿನ ದಿನಗಳಲ್ಲಿ ತಕ್ಕಡಿಯೇ ಮುಖ್ಯ ಸಾಧನ. 25 ಗ್ರಾಂ ಇದ್ದುದು 20ಕ್ಕಿಳಿದರೆ ಐದರಲ್ಲೊಂದು ಪಾಲು ತೂಕ ನಷ್ಟವಾದಂತೆ. ಅನೇಕ ಪ್ರಯೋಗಶಾಲೆಗಳಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾದ ಮಿತಿ ಇದು.

ಆದರೆ ನೋವನ್ನು ಅಳೆಯುವುದೆಂತು? ಬೇಟೆಗೆ ಸಿಕ್ಕುವ ಜಾತಿಯ ಪ್ರಾಣಿಯಾದ ಸುಂಡಿಲಿಯು ನೋವನ್ನು ಮರೆಮಾಡುತ್ತದೆ. 2010ರಲ್ಲಿ ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಜೆಫ್ರಿ ಮೊಗಿಲ್ ಮತ್ತು ಸಂಗಡಿಗರು ಅದರ ಮುಖವನ್ನೇ ಮಾಪಕವನ್ನಾಗಿಸಿದರು. ಕಿರಿದಾದ ಕಣ್ಣು, ಉಬ್ಬಿದ ಮೂಗು, ಉಬ್ಬಿದ ಕೆನ್ನೆ, ಕಿವಿಯ ನಿಲುವು, ಮೀಸೆಯ ನಿಲುವು—ಇವೈದಕ್ಕೂ 0, 1, 2 ಎಂದು ಅಂಕಗಳುಂಟು.

ನರಳುವ ಪ್ರಾಣಿಯ ಹಸಿವು, ನಿದ್ರೆ, ಚಲನೆ ಎಲ್ಲವೂ ವ್ಯತ್ಯಾಸಗೊಳ್ಳುವುದರಿಂದ ಅದರಿಂದ ಪಡೆದ ಅಳತೆಗಳೂ ಶಂಕಾಸ್ಪದವಾಗುತ್ತವೆ. ನಮಗಾಗಿ ದೇಹವನ್ನೊಡ್ಡಿದ ಜೀವಿಗೆ ಈ ಆರೈಕೆ ಸಲ್ಲತಕ್ಕದ್ದು. ಪ್ರಯೋಗದ ಸತ್ಯಕ್ಕೂ ಅದು ಅವಶ್ಯಕ.