ತಾಯಿಯೂ ಜೀವ, ಕೂಸೂ ಜೀವ
(ಈ ತಿಂಗಳ ಅಧ್ಯಯನ ಪಾಠ)



ಈ ತಿಂಗಳ ಪಾಠಕ್ಕೆ ಆರಿಸಿಕೊಂಡ ವಿಷಯ ಗರ್ಭಪಾತ. ಇದು ಪಡಸಾಲೆಯಲ್ಲಿ ಕುಳಿತು ಆಡುವ ಮಾತಲ್ಲವೆಂದು ಕೆಲವು ಹಿರಿಯರಿಗೆ ಅನಿಸೀತು. ನಮ್ಮ ಮನೆಗಳಲ್ಲಿ ಈ ಮಾತು ಅಡುಗೆಮನೆಯಲ್ಲಿ ಪಿಸುಮಾತಾಗಿ ಹುಟ್ಟಿ ಅಲ್ಲಿಯೇ ಅಡಗುತ್ತದೆ. ಆದರೆ ಹೊಲ ಕೊಳ್ಳುವಾಗ, ಅಂಗಡಿ ಹಾಕುವಾಗ ಹತ್ತು ಜನರನ್ನು ಕೇಳುವ ನಾವು, ಒಂದು ಜೀವದ ಪ್ರಶ್ನೆ ಬಂದಾಗ ಯಾರನ್ನೂ ಕೇಳದೆ, ಏನನ್ನೂ ತಿಳಿಯದೆ ನಿರ್ಧಾರ ಮಾಡಿಬಿಡುತ್ತೇವೆ. ಆಮೇಲೆ ಅದರ ಭಾರವನ್ನು ಮನೆಯ ಹೆಣ್ಣುಮಗಳೊಬ್ಬಳೇ ಹೊರುತ್ತಾಳೆ. ಆದುದರಿಂದ ಸಂಕೋಚ ಬಿಟ್ಟು, ಸಮಾಧಾನದಿಂದ ವಿಚಾರ ಮಾಡೋಣ.

೧. ಬೆಳಗಾವಿಯ ಮಗಳ ಕಥೆ

ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ದಂತವೈದ್ಯೆ. ಮದುವೆಯಾಗಿ ಗಂಡನೊಡನೆ ಐರ್ಲೆಂಡ್ ದೇಶದ ಗಾಲ್ವೆ ನಗರದಲ್ಲಿದ್ದಳು. 2012ರ ಅಕ್ಟೋಬರದಲ್ಲಿ 17 ವಾರದ ಬಸುರಿಯಾಗಿದ್ದಾಗ ಬೆನ್ನುನೋವೆಂದು ಆಸ್ಪತ್ರೆಗೆ ಹೋದಳು. ಗರ್ಭ ನಿಲ್ಲುವುದಿಲ್ಲ, ಕೂಸು ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದರು. ಅದು ಆ ದಂಪತಿಗಳು ಆಸೆಪಟ್ಟು ಪಡೆದಿದ್ದ ಮೊದಲ ಬಸಿರು. ಹೇಗೂ ಉಳಿಯದ ಗರ್ಭವನ್ನು ತೆಗೆದುಬಿಡಿ ಎಂದು ಅವರು ಕೇಳಿಕೊಂಡರು. ಕೂಸಿನ ಎದೆಬಡಿತ ಇನ್ನೂ ಇರುವುದರಿಂದ ಹಾಗೆ ಮಾಡಲಾಗದು ಎಂಬ ಉತ್ತರ ಬಂತು.

ಆ ದೇಶದ ಸಂವಿಧಾನದಲ್ಲಿ 1983ರಲ್ಲಿ ಎಂಟನೆಯ ತಿದ್ದುಪಡಿ ಸೇರಿತ್ತು. ಹುಟ್ಟದ ಕೂಸಿನ ಬದುಕುವ ಹಕ್ಕೂ ತಾಯಿಯ ಬದುಕುವ ಹಕ್ಕೂ ಸಮ ಎಂಬುದು ಅದರ ಸಾರ. ಕೇಳಲಿಕ್ಕೆ ಧರ್ಮವಾದ ಮಾತೇ. ಆದರೆ ಎದೆಬಡಿತ ನಿಲ್ಲಲೆಂದು ಕಾಯುತ್ತಿದ್ದ ಆ ದಿನಗಳಲ್ಲಿ ತಾಯಿಯ ರಕ್ತಕ್ಕೆ ನಂಜು ಏರಿತು. ಅಕ್ಟೋಬರ 24ರಂದು ಕೂಸಿನ ಎದೆಬಡಿತ ನಿಂತಿತು. 28ರಂದು ತಾಯಿಯೂ ತೀರಿಕೊಂಡಳು. ಆಕೆಗೆ ಆಗ 31 ವರ್ಷ.

2013ರಲ್ಲಿ ನಡೆದ ವಿಚಾರಣೆಯಲ್ಲಿ ಎರಡು ಸಂಗತಿ ಹೊರಬಂದವು. ಒಂದು, ನಂಜಿನ ಲಕ್ಷಣಗಳನ್ನು ಆಸ್ಪತ್ರೆಯವರು ಸಕಾಲದಲ್ಲಿ ಗುರುತಿಸಲಿಲ್ಲ. ಎರಡು, ಗರ್ಭವನ್ನು ಮೊದಲೇ ತೆಗೆದಿದ್ದರೆ ಆಕೆ ಬಹುಶಃ ಉಳಿಯುತ್ತಿದ್ದಳೆಂದು ತಜ್ಞ ವೈದ್ಯರೊಬ್ಬರು ಸಾಕ್ಷಿ ನುಡಿದರು. ಅದೇ ವರ್ಷ ತಾಯಿಯ ಪ್ರಾಣಕ್ಕೆ ಅಪಾಯವಿದ್ದಾಗ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಐರ್ಲೆಂಡಿನಲ್ಲಿ ಬಂತು. 2018ರ ಮೇ 25ರಂದು ಜನಮತ ನಡೆದು, ನೂರಕ್ಕೆ 66ರಷ್ಟು ಮತದಿಂದ ಎಂಟನೆಯ ತಿದ್ದುಪಡಿಯನ್ನೇ ತೆಗೆದುಹಾಕಿದರು. ಆ ಮೊದಲು ಬೆಳಗಾವಿಯಲ್ಲಿದ್ದ ತಂದೆ, ನನ್ನ ಮಗಳನ್ನು ನೆನೆದು ಮತ ಹಾಕಿರೆಂದು ಆ ದೇಶದ ಜನರನ್ನು ಬೇಡಿಕೊಂಡಿದ್ದರು.

ಈ ಕಥೆಯಿಂದ ಕಲಿಯುವುದೇನು? ಜೀವ ಉಳಿಸಬೇಕೆಂದು ಬರೆದ ನಿಯಮವೇ ಕಣ್ಣೆದುರಿನ ಜೀವವನ್ನು ಕಾಣದೆ ಹೋಗಬಹುದು. ಅಲ್ಲಿ ಎರಡರಲ್ಲಿ ಒಂದು ಜೀವವೂ ಉಳಿಯಲಿಲ್ಲ. ನಿಯಮ ಪಾಲಿಸಿದ್ದಕ್ಕೆ ಸಿಕ್ಕ ಫಲ ಎರಡು ಸಾವು.

೨. ನಮ್ಮ ದೇಶದ ಕಾನೂನು

ಬ್ರಿಟಿಷರ ಕಾಲದ ದಂಡಸಂಹಿತೆಯಲ್ಲಿ ಗರ್ಭಪಾತ ಅಪರಾಧವಾಗಿತ್ತು. ಕದ್ದುಮುಚ್ಚಿ ಗರ್ಭ ತೆಗೆಸಿಕೊಳ್ಳಲು ಹೋಗಿ ಸಾಯುವ ಹೆಣ್ಣುಮಕ್ಕಳು ಬಹಳವಾದುದರಿಂದ 1964ರಲ್ಲಿ ಶಾಂತಿಲಾಲ ಶಾಹ ಅವರ ಸಮಿತಿ ನೇಮಕವಾಯಿತು. ಅದರ ಸಲಹೆಯಂತೆ 1971ರಲ್ಲಿ ವೈದ್ಯಕೀಯ ಗರ್ಭಪಾತದ ಕಾಯದೆ ಬಂತು. 2021ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಈಗಿರುವ ನಿಯಮ ಸಂಕ್ಷೇಪವಾಗಿ ಹೀಗಿದೆ:

• 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು.
• 20ರಿಂದ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಇದು ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ಬಸುರಿಯಿದ್ದಾಗ ವಿಧವೆಯಾದವರು, ಬುದ್ಧಿಮಾಂದ್ಯರು ಮುಂತಾದ ಕೆಲವರಿಗೆ ಮಾತ್ರ.
• 24 ವಾರ ದಾಟಿದ ಮೇಲೆ, ಕೂಸಿಗೆ ಗಂಭೀರವಾದ ಅಂಗದೋಷವಿದೆಯೆಂದು ವೈದ್ಯರ ಮಂಡಳಿ ಹೇಳಿದರೆ ಮಾತ್ರ.
• ತಾಯಿಯ ಪ್ರಾಣ ಉಳಿಸಲು ತಕ್ಷಣ ಅಗತ್ಯವಿದ್ದರೆ ವಾರಗಳ ಲೆಕ್ಕವಿಲ್ಲ.

ಇದಕ್ಕೆ ವಯಸ್ಕಳಾದ ಹೆಣ್ಣುಮಗಳ ಒಪ್ಪಿಗೆಯೊಂದೇ ಸಾಕು. ಗಂಡನ ರುಜು ಬೇಕೆಂದು ಕಾನೂನು ಹೇಳುವುದಿಲ್ಲ. ಅಪ್ರಾಪ್ತಳಾದರೆ ಪೋಷಕರ ಒಪ್ಪಿಗೆ ಬೇಕು. ಆಕೆಯ ಹೆಸರನ್ನು ಗುಪ್ತವಾಗಿಡುವುದು ವೈದ್ಯರ ಕರ್ತವ್ಯ. 2022ರ ಸೆಪ್ಟೆಂಬರದಲ್ಲಿ ಸುಪ್ರೀಂ ಕೋರ್ಟು, ಈ ವಿಷಯದಲ್ಲಿ ಮದುವೆಯಾದವರು, ಆಗದವರು ಎಂಬ ಭೇದ ಸಲ್ಲದೆಂದು ತೀರ್ಪಿತ್ತಿತು. ಇದು ಕೇಂದ್ರದ ಕಾನೂನಾದ್ದರಿಂದ ಜತ್ತ, ಅಕ್ಕಲಕೋಟ, ಆದೋನಿ, ತಾಳವಾಡಿ ಎಲ್ಲಿದ್ದರೂ ಇದೇ ಅನ್ವಯ. ಗಡಿ ದಾಟಿದರೆ ಬೇರೆ ಕಾನೂನು ಎಂಬುದು ತಪ್ಪು ತಿಳುವಳಿಕೆ.

೩. ಅದೇ ಬಾಗಿಲಿನಿಂದ ಹೊಕ್ಕ ಪಾಪ

ದಯೆಯಿಂದ ತೆರೆದ ಬಾಗಿಲಿನೊಳಗೆ ಲೋಭವೂ ನುಗ್ಗಿತು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಯಂತ್ರದಿಂದ ತಿಳಿದು, ಹೆಣ್ಣಾದರೆ ತೆಗೆಸುವ ದಂಧೆ ಬೆಳೆಯಿತು. ಇದನ್ನು ತಡೆಯಲು ಮೊದಲು ಕಾನೂನು ಮಾಡಿದ್ದು ಮಹಾರಾಷ್ಟ್ರ, 1988ರಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ಕಾನೂನು 1994ರಲ್ಲಿ ಬಂತು. ಆದರೂ ಜನಗಣತಿಯ ಲೆಕ್ಕ ನೋಡಿರಿ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ದೇಶದಲ್ಲಿ 1991ರಲ್ಲಿ 945 ಇದ್ದರು. 2001ಕ್ಕೆ 927 ಆದರು. 2011ಕ್ಕೆ 918ಕ್ಕೆ ಇಳಿದರು. ಮಹಾರಾಷ್ಟ್ರದಲ್ಲಿ 2001ರಲ್ಲಿ 913 ಇದ್ದದ್ದು ಹತ್ತು ವರ್ಷದಲ್ಲಿ 894 ಆಯಿತು. ಹೀಗೆ ಕಡಿಮೆಯಾದದ್ದು ಬರಗಾಲದಿಂದಲ್ಲ, ರೋಗದಿಂದಲ್ಲ. ಮನೆಯವರೇ ಕೂಡಿ ಮಾಡಿದ ನಿರ್ಧಾರದಿಂದ.

2017ರ ಮಾರ್ಚಿನಲ್ಲಿ ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ 26 ವರ್ಷದ ಹೆಣ್ಣುಮಗಳೊಬ್ಬಳು ಗರ್ಭ ತೆಗೆಸಲು ಹೋಗಿ ಸತ್ತಳು. ಪೋಲೀಸರು ತನಿಖೆಗೆ ಇಳಿದಾಗ ಹಳ್ಳದ ದಂಡೆಯಲ್ಲಿ ಹೂತಿಟ್ಟ 19 ಭ್ರೂಣಗಳು ಸಿಕ್ಕವು. ತನಿಖೆ ಗಡಿ ದಾಟಿ ಕರ್ನಾಟಕದ ಕಡೆಗೂ ಹೋಯಿತು. 2023ರ ಕೊನೆಗೆ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಇದೇ ದಂಧೆ ನಡೆಸಿದ್ದು ಬಯಲಾಯಿತು. ಬೆಲ್ಲ ತೆಗೆಯುವ ಜಾಗದಲ್ಲಿ ಇಂಥ ಕೆಲಸ! ಮ್ಹೈಸಾಳ ನಮ್ಮ ಜತ್ತದ ಭಕ್ತರಿಗೆ ದೂರದ ಊರಲ್ಲ. ಅಲ್ಲಿಗೆ ಹೋದವರು ನಮ್ಮಂಥವರೇ; ಎತ್ತು, ಹೊಲ, ಮನೆ ಇದ್ದವರೇ.

ಇಲ್ಲಿ ತಪ್ಪಿತಸ್ಥರು ಯಾರು? ವೈದ್ಯರೆಂದು ಬೆರಳು ತೋರಿಸುವುದು ಸುಲಭ. ಆದರೆ ಕೊಳ್ಳುವವರಿಲ್ಲದೆ ಯಾವ ವ್ಯಾಪಾರವೂ ನಡೆಯದೆಂಬುದು ಅಂಗಡಿ ನಡೆಸುವ ಭಕ್ತರಿಗೆ ಗೊತ್ತೇ ಇದೆ. ಮೂರನೆಯದೂ ಹೆಣ್ಣಾದರೆ ಸೊಸೆಯ ಮುಖ ನೋಡದ ಅತ್ತೆ, ಹೊಲ ಹೊರಗಿನವರ ಪಾಲಾಗುತ್ತದೆಂದು ಗೊಣಗುವ ಮಾವ, ಬಾಯಿ ಮುಚ್ಚಿ ಕುಳಿತ ಗಂಡ, ವರದಕ್ಷಿಣೆ ಕೇಳುವ ಬೀಗರು, ಇವರೆಲ್ಲರೂ ಆ ಕೊಳ್ಳುವವರೇ. ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದವಳು ಸೊಸೆ ಇರಬಹುದು. ಆದರೆ ಆ ರುಜು ಆಕೆಯ ಸ್ವಂತ ಮನಸ್ಸಿನದೇ ಎಂದು ಯಾರು ಹೇಳಬಲ್ಲರು?

೪. ಸುಲಭವಾಗಿ ಬಿಡಿಸಲಾಗದ ಗಂಟು

ಮೇಲಿನ ಎರಡು ಕಥೆಗಳಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬುದು ಬೇಗ ತಿಳಿಯುತ್ತದೆ. ಎಲ್ಲ ಕಡೆಗೂ ಹಾಗಿಲ್ಲ. 2023ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟಿಗೆ ಒಬ್ಬ ತಾಯಿ ಹೋದಳು. ಮನೆಯಲ್ಲಿ ಇಬ್ಬರು ಮಕ್ಕಳು. ಎರಡನೆಯ ಬಾಣಂತನದ ನಂತರ ಮಾನಸಿಕ ಕಾಯಿಲೆ ಬಂದು ಔಷಧಿಯಲ್ಲಿದ್ದಳು. ಮುಟ್ಟು ಬಾರದೆ ಇದ್ದುದರಿಂದ ಮತ್ತೆ ಬಸುರಿಯಾದದ್ದು ತಡವಾಗಿ ತಿಳಿಯಿತು. ಆಗಲೇ 24 ವಾರ ದಾಟಿತ್ತು. ಮೊದಲು ಇಬ್ಬರು ನ್ಯಾಯಾಧೀಶರು ಗರ್ಭ ತೆಗೆಯಲು ಅನುಮತಿ ಕೊಟ್ಟರು. ಕೂಸು ಹೊರಬಂದರೆ ಬದುಕುವ ಸಂಭವವಿದೆ ಎಂದು ವೈದ್ಯರು ತಿಳಿಸಿದಾಗ ಅದೇ ಇಬ್ಬರ ಅಭಿಪ್ರಾಯ ಎರಡಾಯಿತು. ಕೊನೆಗೆ ಮೂವರು ನ್ಯಾಯಾಧೀಶರ ಪೀಠ ಅನುಮತಿ ನಿರಾಕರಿಸಿ, ಹೆರಿಗೆಯ ವೆಚ್ಚ ಸರಕಾರ ವಹಿಸಲಿ, ಬೇಕಾದರೆ ಕೂಸನ್ನು ದತ್ತು ಕೊಡಬಹುದು ಎಂದಿತು.

ಅದಾಗಲೇ 26 ವಾರದ ಕೂಸು. ಅದರ ಎದೆ ಬಡಿಯುತ್ತಿದೆ. ಇತ್ತ ತಾಯಿಯ ಮನಸ್ಸು ಕುಸಿದಿದೆ. ದೇಶದ ದೊಡ್ಡ ನ್ಯಾಯಾಧೀಶರೇ ಒಂದೇ ವಾರದಲ್ಲಿ ಎರಡು ಮಾತು ಆಡಬೇಕಾಯಿತು. ಅವರನ್ನು ಹಳಿಯಬೇಕಾದ್ದಿಲ್ಲ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಜೀವವೇ ಇದ್ದರೆ ತೂಗುವವನ ಕೈ ನಡುಗಬೇಕು. ನಡುಗದ ಕೈಯ ತೀರ್ಪನ್ನೇ ನಾವು ಅನುಮಾನದಿಂದ ನೋಡಬೇಕು.

೫. ನಮ್ಮ ಪರಂಪರೆ ಏನು ತಿಳಿಸುತ್ತದೆ?

ಬಸುರಿಗೆ ಎಂಟನೆಯ ತಿಂಗಳಲ್ಲಿ, ಹುಟ್ಟಲಿರುವ ಕೂಸಿನ ಪರವಾಗಿ ಲಿಂಗಧಾರಣೆ ಮಾಡುವ ಪದ್ಧತಿ ನಮ್ಮಲ್ಲಿದೆ. ಹುಟ್ಟುವ ಮೊದಲೇ ಕೂಸನ್ನು ಭಕ್ತನೆಂದು ಬರಮಾಡಿಕೊಳ್ಳುವ ಸಂಸ್ಕಾರವಿದು. ಆಗ ಗಂಡೋ ಹೆಣ್ಣೋ ಎಂದು ಯಾರೂ ಕೇಳುವುದಿಲ್ಲ. ಹೆಣ್ಣೆಂದು ತಿಳಿದು ಗರ್ಭ ತೆಗೆಸಿದವನು ಲಿಂಗಕ್ಕೇ ಬೆನ್ನು ತೋರಿಸಿದ ಹಾಗೆ.

ಇನ್ನೊಂದು ಮಾತನ್ನೂ ಮರೆಯಬಾರದು. ಶರಣರು ಮುಟ್ಟು, ಹೆರಿಗೆಗಳ ಸೂತಕವನ್ನು ಒಪ್ಪಲಿಲ್ಲ. ಹೆಣ್ಣಿನ ದೇಹ ಮೈಲಿಗೆಯಲ್ಲ, ಅದೂ ಲಿಂಗ ಧರಿಸುವ ದೇಹ ಎಂದರು. ಹಾಗಿದ್ದ ಮೇಲೆ ತಾಯಿಯನ್ನು ಕೂಸು ಹೊರುವ ಪಾತ್ರೆಯೆಂದಷ್ಟೇ ಕಾಣುವುದೂ ಶರಣಧರ್ಮವಲ್ಲ. ಹೊಟ್ಟೆಯ ಕೂಸಿನ ಮೇಲಿನ ದಯೆ, ಹೊತ್ತವಳ ಮೇಲಿನ ದಯೆ, ಇವೆರಡೂ ಒಂದೇ ಬೇರಿನವು.

ಈ ಪಾಠ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತದೆಂದು ಹೇಳುವುದಿಲ್ಲ. ಭಕ್ತರಲ್ಲಿಯೇ ಭಿನ್ನ ಅಭಿಪ್ರಾಯಗಳಿವೆ, ಇರಲಿ. ಆದರೆ ಎರಡು ಮಾತಿನಲ್ಲಿ ಸಂದೇಹ ಬೇಡ. ಕೂಸು ಹೆಣ್ಣೆಂಬ ಕಾರಣಕ್ಕೆ ಗರ್ಭ ತೆಗೆಸುವುದು ಅಧರ್ಮ. ತಾಯಿಯ ಪ್ರಾಣಕ್ಕೆ ಕುತ್ತು ಬಂದಾಗ ಜನ ಏನೆಂದಾರೆಂದು ತಡಮಾಡುವುದೂ ಅಧರ್ಮ. ಇವೆರಡರ ನಡುವೆ ಇರುವ ಕಷ್ಟದ ಜಾಗದಲ್ಲಿ ನಿಂತ ಹೆಣ್ಣುಮಗಳಿಗೆ ನಮ್ಮ ತೀರ್ಪಿಗಿಂತ ಮೊದಲು ನಮ್ಮ ಆಸರೆ ಸಿಗಬೇಕು.

೬. ಆಚರಣೆಯಲ್ಲಿ

• ಔಷಧಿ ಅಂಗಡಿಯಿಂದ ಗುಳಿಗೆ ತಂದು ಮನೆಯಲ್ಲಿಯೇ ಗರ್ಭ ಇಳಿಸುವುದು ಪ್ರಾಣಕ್ಕೆ ಅಪಾಯ. ಅತಿಯಾದ ರಕ್ತಸ್ರಾವ, ಜ್ವರ, ನಾರುವ ಸ್ರಾವ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಬೆಳಗಾವಿಯ ಮಗಳನ್ನು ಕೊಂದದ್ದು ನಂಜೇ.
• ಸ್ಕ್ಯಾನಿಂಗ್ ಮಾಡುವುದು ಕೂಸಿನ ಬೆಳವಣಿಗೆ ನೋಡಲಿಕ್ಕೆ. ಗಂಡು ಹೆಣ್ಣು ಕೇಳುವುದೂ ಹೇಳುವುದೂ ಅಪರಾಧ. ಕೇಳಿದ ಮನೆಯವರಿಗೂ ಶಿಕ್ಷೆಯಿದೆ.
• ಮಗಳಿಗೆ ಪಾಲು ಕೊಡಿರಿ. ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕನ್ನು ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ, ಮಹಾರಾಷ್ಟ್ರ ಮತ್ತು ಕರ್ನಾಟಕ 1994ರಲ್ಲಿ ಒಪ್ಪಿದವು. 2005ರಿಂದ ಅದು ದೇಶಕ್ಕೆಲ್ಲ ಕಾನೂನು. ಪಾಲಿನಲ್ಲಿ ಸಮಳಾದ ಮಗಳು ಹೊಟ್ಟೆಯಲ್ಲಿದ್ದಾಗಲೂ ಭಾರವಾಗುವುದಿಲ್ಲ.
• ಗರ್ಭ ಕಳೆದುಕೊಂಡ ಹೆಣ್ಣುಮಗಳಿಗೂ ಬಾಣಂತಿಯಷ್ಟೇ ಆರೈಕೆ ಬೇಕು. ಅದು ತಾನಾಗಿ ಹೋಗಿರಲಿ, ವೈದ್ಯರು ತೆಗೆದಿರಲಿ, ಬಿಸಿನೀರು, ಬಿಸಿಯೂಟ, ನಾಲ್ಕು ಒಳ್ಳೆಯ ಮಾತು ಕೊಡಲು ಕಾರಣ ಕೇಳಬೇಕಾದ್ದಿಲ್ಲ.

ಗೋಷ್ಠಿಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ಐರ್ಲೆಂಡಿನ ವೈದ್ಯರ ಜಾಗದಲ್ಲಿ ನೀವಿದ್ದರೆ, ಕಾನೂನು ಒಂದು ಕಡೆ, ತಾಯಿ ಒಂದು ಕಡೆ ಇರುವಾಗ ಏನು ಮಾಡುತ್ತಿದ್ದಿರಿ?
2. 26 ವಾರದ ಆ ಮೊಕದ್ದಮೆಯಲ್ಲಿ ನಿಮ್ಮ ಮನಸ್ಸು ಯಾವ ಕಡೆಗೆ ಒಲಿಯುತ್ತದೆ? ಇನ್ನೊಂದು ಕಡೆಯವರ ಮಾತಿನಲ್ಲಿ ನಿಮಗೆ ಕಂಡ ಸತ್ಯವೇನು?
3. ಹೆಣ್ಣು ಕೂಸು ಹುಟ್ಟಿದ ಮನೆಗೆ ಹೋದಾಗ ನಾವು ಆಡುವ ಮೊದಲ ಮಾತು ಏನು? ಅದು ಬಾಣಂತಿಯ ಕಿವಿಗೆ ಹೇಗೆ ಕೇಳಿಸೀತು?

ಮೂರನೆಯ ಪ್ರಶ್ನೆಗೆ ಗಂಡಸರು ಮೊದಲು ಉತ್ತರ ಕೊಡಲಿ. ಆಮೇಲೆ ತಾಯಂದಿರು ಮಾತಾಡಲಿ. ಅವರು ಮುಗಿಸುವವರೆಗೆ ಉಳಿದವರು ಸುಮ್ಮನೆ ಕೇಳಲಿ. ಈ ತಿಂಗಳ ಪಾಠದ ಮುಖ್ಯ ಭಾಗ ಅದೇ.