ಬಣ್ಣವನ್ನೇ ನಂಬಿದ ಬಾಕಿ ಪಟ್ಟಿ: ಡ್ಯಾಶ್‌ಬೋರ್ಡ್ ಎಲ್ಲರಿಗೂ ಎಟುಕುವ ಬಗೆ

ಮಾರಾಟ, ದಾಸ್ತಾನು, ಬರತಕ್ಕ ಹಾಗೂ ಕೊಡತಕ್ಕ ಬಾಕಿಗಳನ್ನು ಒಂದೇ ಪರದೆಯಲ್ಲಿ ನಕ್ಷೆ ಮತ್ತು ಬಣ್ಣಗಳ ಮೂಲಕ ತೋರಿಸುವ ಡ್ಯಾಶ್‌ಬೋರ್ಡ್ ಈಗ ಸಣ್ಣ ಕಾರ್ಖಾನೆಗಳ ಕಚೇರಿಗೂ ಬಂದಿದೆ. ಮಾಲೀಕರಷ್ಟೇ ಅಲ್ಲದೆ ಲೆಕ್ಕಿಗರು, ಉಗ್ರಾಣದ ಮೇಲ್ವಿಚಾರಕರು ಸಹ ಅದನ್ನು ನೋಡಿಯೇ ದಿನದ ಕೆಲಸ ನಿರ್ಧರಿಸುತ್ತಾರೆ. ಅವರಲ್ಲೊಬ್ಬರಿಗೆ ಅದನ್ನು ಓದಲಾಗದಿದ್ದರೆ ನಷ್ಟ ಸಂಸ್ಥೆಗೇ ತಟ್ಟುತ್ತದೆ.

ಒಂದು ಉದಾಹರಣೆಯನ್ನು ಗಮನಿಸಬಹುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನ ಮೇರೆಗೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದ ಖರೀದಿದಾರರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಪಾವತಿಸತಕ್ಕದ್ದು. ತಪ್ಪಿದಲ್ಲಿ 16ನೇ ಕಲಮಿನಂತೆ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಒಂದು ಘಟಕದ ಡ್ಯಾಶ್‌ಬೋರ್ಡಿನಲ್ಲಿ 40 ದಿನ ದಾಟಿದ ಬಿಲ್ಲುಗಳು ಕೆಂಪಾಗಿಯೂ ಉಳಿದವು ಹಸಿರಾಗಿಯೂ ಕಾಣುತ್ತವೆಂದು ಇಟ್ಟುಕೊಳ್ಳೋಣ. ಪಾವತಿ ನೋಡಿಕೊಳ್ಳುವ ಲೆಕ್ಕಿಗರಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ತಿಳಿಯದಿದ್ದರೆ ಇಡೀ ಪಟ್ಟಿ ಒಂದೇ ಕಂದು ಛಾಯೆಯಲ್ಲಿ ತೋರುತ್ತದೆ. ಕೊಡಬೇಕಾದ ದಿನ ಕಣ್ಣೆದುರೇ ಕಳೆದುಹೋಗುತ್ತದೆ.

ಈ ವರ್ಣಾಂಧತೆ ಸ್ತ್ರೀಯರಿಗಿಂತ ಪುರುಷರಲ್ಲಿ ಬಹಳ ಹೆಚ್ಚು. ಎಷ್ಟೋ ಮಂದಿಗೆ ತಮಗೆ ಈ ನ್ಯೂನತೆ ಇರುವುದೇ ತಿಳಿದಿರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಇದು ಸೇರಿಲ್ಲ. ಹೀಗಾಗಿ ನೌಕರರ ಕಡತದಲ್ಲಿ ಇದರ ಸುಳಿವು ಸಿಗುವುದು ಅಪರೂಪ.

ಪರಿಹಾರಕ್ಕೆ ಖರ್ಚೇನೂ ಇಲ್ಲ. ಬಣ್ಣದ ಪಕ್ಕದಲ್ಲಿ 'ಸ್ಥಿತಿ' ಎಂಬ ಒಂದು ಕಾಲಂ ಸೇರಿಸಿ, ಸೂತ್ರದ ಮೂಲಕ 'ಅವಧಿ ಮೀರಿದೆ', 'ಇನ್ನು 5 ದಿನ' ಎಂದು ಪದಗಳಲ್ಲೇ ಮೂಡುವಂತೆ ಮಾಡಿದರೆ ಸಾಕು. ಬಣ್ಣ ಇರಲೇಬೇಕೆಂದಾದರೆ ಕೆಂಪು-ಹಸಿರಿನ ಬದಲು ನೀಲಿ ಮತ್ತು ಕಿತ್ತಳೆ ಮೇಲು. ಅದೇ ಪಟ್ಟಿಯನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ಬ್ಯಾಂಕಿಗೆ ಒಯ್ಯುವವರಿಗೂ ಇದರಿಂದ ಅನುಕೂಲವೇ.

ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಂಕಿಗಳನ್ನು ಬರೆಯುವ ಇಂದಿನ ಚಾಳಿಯೂ ದೃಷ್ಟಿ ಮಂದವಾದವರಿಗೆ ತೊಂದರೆ ಕೊಡುತ್ತದೆ. ಅಂತರರಾಷ್ಟ್ರೀಯ ಜಾಲ ಮಾರ್ಗಸೂಚಿಗಳ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1 ಇರಬೇಕು.

ಅಂಧ ನೌಕರರು ಸ್ಕ್ರೀನ್ ರೀಡರ್ ಎಂಬ, ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶವನ್ನು ಬಳಸುತ್ತಾರೆ. ಎನ್‌ವಿಡಿಎ ಎಂಬುದು ಉಚಿತವಾಗಿಯೇ ದೊರೆಯುತ್ತದೆ. ಅದು ತಖ್ತೆಯನ್ನು ಮನೆಮನೆಯಾಗಿ ಓದಬಲ್ಲದು. ಆದರೆ ಚಿತ್ರವಾಗಿ ಅಂಟಿಸಿದ ನಕ್ಷೆಯ ಮುಂದೆ ಮೂಕವಾಗುತ್ತದೆ. ಅದಕ್ಕಾಗಿ ನಕ್ಷೆಗೆ ಬದಲಿ ಪಠ್ಯವನ್ನು ಜೋಡಿಸಬೇಕು. 'ಬಾಕಿಯ ನಕ್ಷೆ' ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. 'ಒಟ್ಟು ಬಾಕಿ 12 ಲಕ್ಷ ರೂ., ಅದರಲ್ಲಿ 90 ದಿನ ಮೀರಿದ್ದು 3 ಲಕ್ಷ' ಎಂದರೆ ವಿಷಯ ತಿಳಿಯುತ್ತದೆ. ಪ್ರತಿ ತಿಂಗಳು ಇದನ್ನು ತಿದ್ದುವವರು ಯಾರೆಂಬ ಪ್ರಶ್ನೆ ಸಹಜ. ಆದ್ದರಿಂದ ನಕ್ಷೆಯ ಕೆಳಗೆ ಅದರ ಮೂಲ ತಖ್ತೆಯನ್ನೇ ಇಡುವುದು ಹೆಚ್ಚು ಭದ್ರ. ತಖ್ತೆಯಲ್ಲಿ ಮರ್ಜ್ ಮಾಡಿದ ಸೆಲ್‌ಗಳು ಇರಬಾರದು, ಮೊದಲ ಸಾಲು ಶೀರ್ಷಿಕೆಯಾಗಿರಬೇಕು.

ಕರ್ನಾಟಕದ ಕಚೇರಿಗಳಲ್ಲಿ ಇನ್ನೊಂದು ತೊಡಕುಂಟು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚಿಸಿದ ಕನ್ನಡ, ಕಣ್ಣಿಗೆ ಕನ್ನಡವಾದರೂ ಗಣಕಯಂತ್ರದ ಒಳಗೆ ರೋಮನ್ ಅಕ್ಷರ ಹಾಗೂ ಚಿಹ್ನೆಗಳಾಗಿಯೇ ಉಳಿದಿರುತ್ತದೆ. ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಸದ್ದಾಗಿ ಉಚ್ಚರಿಸುತ್ತದೆ. ಗ್ರಾಹಕರ ಹೆಸರು, ಸರಕಿನ ವಿವರಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಬೇರೆ ಯಾವ ಸುಧಾರಣೆಯೂ ಫಲ ಕೊಡದು.

ಮೌಸ್ ಸೋಕಿಸಿದಾಗ ಮಾತ್ರ ಅಂಕಿ ಮೂಡುವ ನಕ್ಷೆಗಳು ಕೈಚಲನೆ ಸೀಮಿತವಾದವರಿಗೆ ಒದಗುವುದಿಲ್ಲ.

ಕಾನೂನಿನ ಬಗ್ಗೆ ಒಂದು ಮಾತು. ಮೇಲೆ ಹೇಳಿದ 2016ರ ಕಾಯ್ದೆ 19 ಏಪ್ರಿಲ್ 2017ರಿಂದ ಜಾರಿಯಲ್ಲಿದೆ. ಅದರ 21ನೇ ಕಲಂ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆನ್ನುತ್ತದೆ. 20ಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಯೂ ವಿಕಲಚೇತನರಿಗೆ ಒದಗಿಸುವ ಸೌಲಭ್ಯಗಳನ್ನು ಅದರಲ್ಲಿ ನಮೂದಿಸಬೇಕು. ಸಣ್ಣ ಘಟಕಗಳಿಗೆ ಇದು ಅನ್ವಯಿಸದೆಂಬ ನಂಬಿಕೆ ತಪ್ಪು. ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 30 ಏಪ್ರಿಲ್ 2025ರಂದು ತೀರ್ಪಿತ್ತಿದೆ.

ಪರೀಕ್ಷೆ ಸುಲಭ. ಎಕ್ಸೆಲ್‌ನ ರಿವ್ಯೂ ವಿಭಾಗದಲ್ಲಿರುವ ಚೆಕ್ ಆಕ್ಸೆಸಿಬಿಲಿಟಿ ಸೌಲಭ್ಯವು ಬಿಟ್ಟುಹೋದ ಬದಲಿ ಪಠ್ಯ, ಮರ್ಜ್ ಆದ ಸೆಲ್‌ಗಳನ್ನು ತೋರಿಸಿಕೊಡುತ್ತದೆ. ನಂತರ ಡ್ಯಾಶ್‌ಬೋರ್ಡಿನ ಕಪ್ಪು-ಬಿಳುಪು ಪ್ರತಿಯೊಂದನ್ನು ಮುದ್ರಿಸಿ, ಈ ವಾರ ಯಾರಿಗೆ ಹಣ ಕೊಡಬೇಕೆಂದು ಅದರಿಂದಲೇ ಹೇಳಲು ಸಾಧ್ಯವೇ ಎಂದು ನೋಡತಕ್ಕದ್ದು. ಬಳಿಕ ಮೌಸ್ ಬದಿಗಿಟ್ಟು ಬರೀ ಕೀಲಿಮಣೆಯಿಂದ ಅದೇ ಉತ್ತರ ಹುಡುಕಬೇಕು.